ಕಳಕವ್ವ ಅಂತಲೇ ಬರೆಸಿಕೊಂಡೆ: ದಾಖಲೆಗಳಲ್ಲಿ ಹೆಸರು ತಿದ್ದಿಸಿದ ಅನುಭವ

ಕಳೆದ ವಾರ ಸ್ಪೀಡ್ ಪೋಸ್ಟಿನಲ್ಲಿ ನನ್ನ ಪಾಸ್‌ಪೋರ್ಟ್ ಬಂತು. ಹೆಸರಿನ ಜಾಗದಲ್ಲಿ ಕಳಕವ್ವ, ಅಡ್ಡಹೆಸರಿನ ಜಾಗದಲ್ಲಿ ಬಡಿಗೇರ. ಇಂಗ್ಲಿಷಿನಲ್ಲಿ ಎರಡು ‘ವಿ’ ಇವೆ, ನಡುವಿನ ‘ಎ’ ಎಲ್ಲೂ ಬಿಟ್ಟುಹೋಗಿಲ್ಲ. ಇಷ್ಟಾಗಲು ಒಂದು ಮಳೆಗಾಲ ಪೂರ್ತಿ, ಚಳಿಗಾಲ ಅರ್ಧ ಕಳೆಯಿತು. ಅವ್ವ, ಅಪ್ಪ ಅಂತ ಮುಗಿಯುವ ಹೆಸರಿನವರು, ಹೆಸರಿನಲ್ಲಿ ಳ, ಣ ಇರುವವರು, ಅಡ್ಡಹೆಸರನ್ನು ಒಂದು ಕಡೆ ಬರೆಸಿ ಇನ್ನೊಂದು ಕಡೆ ಬಿಟ್ಟವರು ನಮ್ಮ ಕಡೆ ಲಕ್ಷಗಟ್ಟಲೆ ಇದ್ದೀರಿ. ಯಾವುದನ್ನು ಮೊದಲು ತಿದ್ದಿಸಬೇಕು, ಯಾರ ಮಾತು ಕೇಳಬಾರದು ಅನ್ನುವುದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅರ್ಧ ಓಡಾಟ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗದಗ ಜಿಲ್ಲೆಯ ಗಜೇಂದ್ರಗಡದ ಹತ್ತಿರದ ಹಳ್ಳಿ. ಅಲ್ಲಿನ ಗುಡ್ಡದಲ್ಲಿ ಕಾಲಕಾಲೇಶ್ವರನ ಗುಡಿ ಇದೆ. ಸುತ್ತಲಿನ ಊರುಗಳಲ್ಲಿ ಆ ದೇವರ ಹೆಸರಿನ ಮೇಲೆ ಕಳಕಪ್ಪ, ಕಳಕೇಶ, ಕಳಕವ್ವ ಅಂತ ಮಕ್ಕಳಿಗೆ ಹೆಸರಿಡುತ್ತಾರೆ. ನನ್ನದು ಅಪ್ಪನ ಅವ್ವನ ಹೆಸರು. ಊರಿನ ಶಾಲೆಯಲ್ಲಿ ನನ್ನ ಹೆಸರನ್ನು ಯಾರೂ ತಪ್ಪಾಗಿ ಕರೆದದ್ದಿಲ್ಲ, ನಮ್ಮ ತರಗತಿಯಲ್ಲೇ ಇನ್ನೊಬ್ಬ ಕಳಕವ್ವ ಇದ್ದಳು. ಹೆಸರು ಕಷ್ಟದ್ದು ಅಂತ ಮೊದಲ ಸಲ ಗೊತ್ತಾದದ್ದು ನರ್ಸಿಂಗ್ ಓದಲು ಬೆಂಗಳೂರಿಗೆ ಬಂದಾಗ. ಹಾಜರಿ ಕರೆಯುವವರು ಸರಸರ ಓದಿಕೊಂಡು ಬಂದು ನನ್ನ ಹೆಸರಿನ ಮುಂದೆ ನಿಲ್ಲುತ್ತಿದ್ದರು. ‘ಕಲ್... ಕಾಲ್ಕ...’ ಅನ್ನುತ್ತಿದ್ದಂತೆ ಹಿಂದಿನ ಬೆಂಚಿನಿಂದ ನಗು. ಕೆಲವೇ ವಾರಗಳಲ್ಲಿ ಅವರ ದನಿ ನಿಂತದ್ದು ಕೇಳಿಸಿದ ಕೂಡಲೇ, ಅವರು ಬಾಯಿ ತೆರೆಯುವ ಮೊದಲೇ ಎದ್ದು ‘ಯೆಸ್ ಮೇಡಂ’ ಅನ್ನುವುದು ರೂಢಿಯಾಯಿತು. ನಾಲ್ಕು ವರ್ಷ ಆ ತರಗತಿಯಲ್ಲಿ ನನ್ನ ಹೆಸರು ಪೂರ್ತಿಯಾಗಿ ಯಾರ ಬಾಯಲ್ಲೂ ಬರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಹಾಸ್ಟೆಲ್ ಕೋಣೆಯಲ್ಲಿ ಮಾತ್ರ ಹಾಗಿರಲಿಲ್ಲ. ಕೇರಳದ ಗೆಳತಿ ಬಂದ ಮೊದಲ ದಿನವೇ ಒಂದು ಸಲ ಕೇಳಿ, ಎರಡನೇ ಸಲ ಸರಿಯಾಗಿ ಕರೆದಳು. ಅವಳ ಭಾಷೆಯಲ್ಲೂ ‘ಳ’ ಇದೆಯಲ್ಲ. ತಮಿಳು, ತೆಲುಗು, ಮರಾಠಿಯವರಿಗೂ ಈ ಅಕ್ಷರ ನಾಲಿಗೆಗೆ ಬರುತ್ತದೆ. ಹಿಂದಿಯವರಿಗೆ ಕಷ್ಟ, ಅದು ನನಗೆ ಅರ್ಥವಾಗುತ್ತದೆ. ನೋವಾಗುವುದು ನಾಲಿಗೆ ತೊದಲಿದ್ದಕ್ಕಲ್ಲ. ಕೇಳಿ ತಿಳಿದುಕೊಳ್ಳುವ ಮನಸ್ಸೇ ಮಾಡದೆ ‘ನಿನ್ನನ್ನು ಕಲಾ ಅಂತ ಕರೀತೀವಿ, ಓಕೆನಾ?’ ಅಂದುಬಿಡುತ್ತಾರಲ್ಲ, ಅದಕ್ಕೆ. ಮೊದಲ ಆಸ್ಪತ್ರೆಯಲ್ಲಿ ನನ್ನ ಎದೆಯ ಮೇಲಿನ ಬಿಲ್ಲೆಯಲ್ಲಿ ‘ಕಲಾ’ ಅಂತಲೇ ಅಚ್ಚಾಗಿ ಬಂತು, ರೋಗಿಗಳಿಗೆ ಸುಲಭವಾಗಲಿ ಅಂತ. ಒಮ್ಮೆ ಇಳಕಲ್ ಕಡೆಯ ಅಜ್ಜಿಯೊಬ್ಬರು ಸೊಸೆಯ ಹೆರಿಗೆಗೆ ಬಂದಿದ್ದರು. ನನ್ನ ಮಾತು ಕೇಳಿ ಊರು ಕೇಳಿದರು, ಆಮೇಲೆ ಪೂರ್ತಿ ಹೆಸರು ಕೇಳಿದರು. ಹೇಳಿದೆ. ‘ಹಂಗಾದ್ರ ಇದ್ಯಾಕ ಕಲಾ ಅಂತ ಬರಕೊಂಡೀಯವ್ವಾ?’ ಅಂದರು. ಉತ್ತರ ಹೇಳಲು ಆಗಲಿಲ್ಲ. ಆ ದಿನ ಪಾಳಿ ಮುಗಿಯುವವರೆಗೂ ಅದೇ ಮಾತು ತಲೆಯಲ್ಲಿತ್ತು.

ಪಾಸ್‌ಪೋರ್ಟ್ ಬೇಕಾದದ್ದು ಬ್ರಿಟನ್ನಿನಲ್ಲಿ ನರ್ಸ್ ಕೆಲಸಕ್ಕೆ ಪ್ರಯತ್ನಿಸಲು. ಅದಕ್ಕೆ ಮೊದಲು ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಪರೀಕ್ಷೆಗೆ ಗುರುತಿನ ದಾಖಲೆ ಪಾಸ್‌ಪೋರ್ಟೇ, ಅದರಲ್ಲಿ ಇದ್ದಂತೆಯೇ ಹೆಸರು ನೋಂದಾಯಿಸಬೇಕು. ಮುಂದೆ ಅಲ್ಲಿನ ನರ್ಸಿಂಗ್ ಕೌನ್ಸಿಲ್, ವೀಸಾ ಎಲ್ಲವೂ ಅದೇ ಹೆಸರಿನ ಮೇಲೆ. ಆಗ ಎಲ್ಲ ದಾಖಲೆ ತೆಗೆದು ಮಂಚದ ಮೇಲೆ ಸಾಲಾಗಿ ಇಟ್ಟು ನೋಡಿದೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನರ್ಸಿಂಗ್ ಪದವಿ ಪತ್ರ ಎರಡೂ ಸರಿ. ಆಧಾರಿನ ಇಂಗ್ಲಿಷಿನಲ್ಲಿ ನಡುವಿನ ‘ಎ’ ಇಲ್ಲ, ಎರಡು ‘ವಿ’ ಇರಬೇಕಾದಲ್ಲಿ ಎರಡು ‘ಡಬ್ಲ್ಯೂ’. ಕನ್ನಡದ ಸಾಲಿನಲ್ಲಿ ‘ಕಲ್ಕವ್ವ’. ಪಿ.ಎಫ್. ಖಾತೆ ಆಧಾರಿನೊಂದಿಗೆ ಜೋಡಣೆಯಾದ್ದರಿಂದ ಅಲ್ಲೂ ಅದೇ ತಪ್ಪು. ಪ್ಯಾನ್ ಕಾರ್ಡಿನಲ್ಲಿ ಒಂದೇ ‘ವಿ’, ಅಡ್ಡಹೆಸರೇ ಇಲ್ಲ. ಬ್ಯಾಂಕಿನವರು ಪ್ಯಾನ್ ನೋಡಿ ಬರೆದುಕೊಂಡಿದ್ದರು. ವೋಟರ್ ಐಡಿಯಲ್ಲಿ ಕನ್ನಡ ಸರಿ, ಇಂಗ್ಲಿಷ್ ತಪ್ಪು. ಇಲ್ಲಿನ ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಅಡ್ಡಹೆಸರು ‘ಬಿ’ ಅನ್ನುವ ಒಂದಕ್ಷರವಾಗಿ ಕೂತಿತ್ತು. ಇಷ್ಟೂ ಕಾರ್ಡುಗಳಲ್ಲಿ ಇದ್ದದ್ದು ಒಂದೇ ಮುಖ. ಯಾವ ತಪ್ಪನ್ನೂ ನಾನು ಬರೆದದ್ದಲ್ಲ, ಒಂದೊಂದನ್ನೂ ಒಬ್ಬೊಬ್ಬರು ತಮಗೆ ಕೇಳಿಸಿದಂತೆ ಒತ್ತಿದ್ದು.

ಅಂಕಪಟ್ಟಿಯಲ್ಲಿ ಇದ್ದಂತೆ ಹೆಸರು ತುಂಬಿ, 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಅಂತ ಮೂರು ಹಂತದ ಕೌಂಟರುಗಳು. ‘ಎ’ನಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಫೋಟೊ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ‘ಬಿ’ಯಲ್ಲಿ ಅಧಿಕಾರಿ ದಾಖಲೆ ಪರಿಶೀಲಿಸುತ್ತಾರೆ. ಅಲ್ಲಿದ್ದ ಮಹಿಳಾ ಅಧಿಕಾರಿ ಆಧಾರ್ ಮತ್ತು ಅಂಕಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಹೋದರು. ‘ಇದು ಹೊಂದಾಣಿಕೆ ಆಗಲ್ಲಮ್ಮ. ಆಧಾರ್ ಸರಿ ಮಾಡಿಸಿಕೊಂಡು ಬನ್ನಿ. ಅಂಕಪಟ್ಟಿಗೆ ಮಾತ್ರ ಕೈ ಹಾಕಬೇಡಿ, ಅದೇ ನಿಮ್ಮ ಆಧಾರ’ ಅಂದರು. ಆ ಕೊನೆಯ ಮಾತು ಬಹಳ ಉಪಯೋಗಕ್ಕೆ ಬಂತು. ಅರ್ಜಿಯನ್ನು ತಡೆಹಿಡಿದು, ಬೇಕಾದ ದಾಖಲೆಯ ಹೆಸರು ಬರೆದ ಚೀಟಿ ಕೊಟ್ಟರು. ಹೀಗಾದರೆ ದುಡ್ಡು ಹೋಯಿತು ಅಂತ ಗಾಬರಿಯಾಗಬೇಡಿ. ಕಟ್ಟಿದ ಶುಲ್ಕ ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಮತ್ತೆ ಸಮಯ ಗೊತ್ತುಮಾಡಿಕೊಂಡು ಹೋಗಬಹುದು.

ಹೊರಗೆ ಬಂದಾಗ ಫಾರ್ಮ್ ತುಂಬಿಕೊಡುವ ಅಂಗಡಿಯ ಒಬ್ಬ ಏಜೆಂಟ್ ಕರೆದು ಕೂರಿಸಿದ. ಎಲ್ಲ ಕೇಳಿ, ‘ಮೇಡಂ, ಇಷ್ಟೊಂದು ತಿದ್ದಿಸೋದಕ್ಕಿಂತ ಹೆಸರನ್ನೇ ಬದಲಾಯಿಸಿಬಿಡಿ. ಗೆಜೆಟ್ ಮಾಡಿಸೋಣ. ಕಲಾ ಅಂತ ಇಟ್ಕೊಳ್ಳಿ, ಫಾರಿನ್‌ನಲ್ಲೂ ಸುಲಭ’ ಅಂದ. ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ದೆಹಲಿಗೆ ಕಾಗದ, ಎಲ್ಲ ಸೇರಿ ಎಂಟು ಸಾವಿರ ಕೇಳಿದ. ಆ ಕ್ಷಣ ದಣಿದಿದ್ದೆ, ಊಟ ಆಗಿರಲಿಲ್ಲ. ಸುಮ್ಮನೆ ಎದ್ದು ಬಂದು ಬಸ್ ನಿಲ್ದಾಣದಿಂದ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ತಂಗಿ, ತಪ್ಪು ಬರದಾಂವ ಯಾವನೋ. ಹೆಸರು ಬಿಡಬೇಕಾದಾಕಿ ನೀನಾ? ನಮ್ಮವ್ವನ ಹೆಸರು ಅದು’ ಅಂದರು. ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಹೆಸರು ಪಹಣಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಎಲ್ಲೂ ಇರಲಿಲ್ಲ. ಅದು ಇರುವುದು ನನ್ನ ಕಾಗದಗಳಲ್ಲಿ ಮಾತ್ರ. ಆ ರಾತ್ರಿಯೇ ಗಟ್ಟಿ ಮಾಡಿಕೊಂಡೆ, ಒಂದಕ್ಷರವನ್ನೂ ಬಿಟ್ಟುಕೊಡುವುದಿಲ್ಲ ಅಂತ.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೊಳ್ಳಿ. ಹೆಸರಿನ ಬದಲಾವಣೆ ಬೇರೆ, ತಿದ್ದುಪಡಿ ಬೇರೆ. ಹಳೆಯ ಹೆಸರು ಬಿಟ್ಟು ಹೊಸದು ಇಟ್ಟುಕೊಳ್ಳುವವರಿಗೆ ಗೆಜೆಟ್, ಅಂದರೆ ಸರ್ಕಾರದ ರಾಜಪತ್ರದಲ್ಲಿ ಪ್ರಕಟಣೆ ಬೇಕು. ಅದಕ್ಕೂ ಏಜೆಂಟ್ ಬೇಕಿಲ್ಲ: ದೆಹಲಿಯ ಪ್ರಕಾಶನ ಇಲಾಖೆಗೆ ನೀವೇ ಕಳಿಸಬಹುದು, ವಯಸ್ಕರಿಗೆ ಸರ್ಕಾರಿ ಶುಲ್ಕ 1,100 ರೂಪಾಯಿ, ಜಾಹೀರಾತಿನ ಖರ್ಚು ಬೇರೆ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಸರಿ ಇದ್ದು, ಉಳಿದ ಕಡೆ ಕಾಗುಣಿತ ತಪ್ಪಿದ್ದರೆ ನಿಮಗೆ ಬೇಕಾದದ್ದು ತಿದ್ದುಪಡಿ ಮಾತ್ರ. ನನ್ನ ಇಡೀ ಓಡಾಟದಲ್ಲಿ ಗೆಜೆಟ್ ಎಲ್ಲೂ ಬೇಕಾಗಲಿಲ್ಲ. ಅಂಕಪಟ್ಟಿಯಲ್ಲೇ ತಪ್ಪಿದ್ದವರ ದಾರಿ ಬೇರೆ. ಅವರು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ, ದಾಖಲಾತಿ ವಹಿಯ ಉತಾರದೊಂದಿಗೆ (ನಕಲು ಪ್ರತಿ) ಪರೀಕ್ಷಾ ಮಂಡಳಿಗೆ ಹೋಗಬೇಕು.

ಆಧಾರ್ ತಿದ್ದಿಸಲು ಬೆಂಗಳೂರಿನ ಒಂದು ಕೇಂದ್ರಕ್ಕೆ ಅಂಕಪಟ್ಟಿ ತೆಗೆದುಕೊಂಡು ಹೋದೆ. ಆಗ ಶುಲ್ಕ 50 ರೂಪಾಯಿ ಇತ್ತು. ಸ್ವೀಕೃತಿ ಚೀಟಿ ಕೊಟ್ಟರು. ವಾರಗಟ್ಟಲೆ ಕಾದ ಮೇಲೆ ಬಂದ ಸಂದೇಶ: ಅರ್ಜಿ ತಿರಸ್ಕೃತ, ದಾಖಲೆ ಸ್ಪಷ್ಟವಾಗಿಲ್ಲ. ನಮ್ಮ ಊರಲ್ಲಿ ಅಂಕಪಟ್ಟಿ ಬಂದ ಕೂಡಲೇ ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾಡಿಸುತ್ತಾರೆ, ನನ್ನದಕ್ಕೂ ಕಾಕಾ ಮಾಡಿಸಿದ್ದರು. ಸ್ಕ್ಯಾನ್ ಮಾಡುವಾಗ ಅದರ ಹೊಳಪು ಹೆಸರಿನ ಮೇಲೇ ಬಿದ್ದಿತ್ತು. ಮನೆಯಲ್ಲಿ ಮಕ್ಕಳಿದ್ದವರು ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಸಾಕು. ಮುಂದೆ ವಿದೇಶಕ್ಕೆ ಹೋಗಲು ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ದೃಢೀಕರಿಸುವುದು) ಹಾಕಿಸಬೇಕಾದಾಗಲೂ ಲ್ಯಾಮಿನೇಷನ್ ಆದ ಮೂಲಪತ್ರ ನಡೆಯುವುದಿಲ್ಲ.

ಆಗ ಸಹೋದ್ಯೋಗಿಯೊಬ್ಬರು ಒಳ್ಳೆಯ ದಾರಿ ತೋರಿಸಿದರು. ವೋಟರ್ ಐಡಿಯನ್ನು ಮೊದಲು ಸರಿಪಡಿಸಿಕೋ, ಆಮೇಲೆ ಅದನ್ನೇ ಆಧಾರಿಗೆ ದಾಖಲೆಯಾಗಿ ಕೊಡು ಅಂದರು. ಫೋಟೊ ಇರುತ್ತದೆ, ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ, ದುಡ್ಡು ಖರ್ಚಿಲ್ಲ. ಚುನಾವಣಾ ಆಯೋಗದ ಆ್ಯಪಿನಲ್ಲಿ ನಮೂನೆ 8 ಅಂತ ಇದೆ, ತಿದ್ದುಪಡಿಗೆ ಇರುವುದು ಅದೇ. ಅಂಕಪಟ್ಟಿಯ ಫೋಟೊವನ್ನು ಈ ಸಲ ಕಿಟಕಿಯ ಬೆಳಕಿನಲ್ಲಿ, ಹೊಳಪು ಬೀಳದಂತೆ ತೆಗೆದು ಸೇರಿಸಿದೆ. ನನ್ನ ಮತ ಊರಲ್ಲೇ ಇದ್ದದ್ದರಿಂದ ಪರಿಶೀಲನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ಬರುತ್ತಾರೆ ಅಂತ ರಜೆ ಹಾಕಿ ಹೋದೆ.

ಬಿಎಲ್‌ಒ ಆಗಿ ಬಂದವರು ಅಂಗನವಾಡಿಯಲ್ಲಿ ನನಗೆ ಉಪ್ಪಿಟ್ಟು ಬಡಿಸಿದ ಅಕ್ಕೋರು. ಕಾಗದ ನೋಡಿ, ‘ಕಳಕವ್ವ, ನಿನ್ನ ಹೆಸರು ನಾ ಬ್ಯಾರೆಯವರನ್ನ ಕೇಳಬೇಕೇನು?’ ಅಂದರು. ಆದರೂ ಬಿಡದೆ ಪ್ರತಿ ಅಕ್ಷರ ನೋಡಿಯೇ ಟಿಕ್ ಹಾಕಿದರು. ಅವರೇ ಹೇಳಿದ್ದು, ಶಾಲೆಗೂ ಹೋಗಿ ದಾಖಲಾತಿ ವಹಿಯ ಉತಾರ ತಗೊಂಡು ಇಟ್ಟುಕೋ, ಎಲ್ಲಾದರೂ ಬೇಕಾಗುತ್ತದೆ ಅಂತ.

ಶಾಲೆಗೆ ಹೋದೆ. ಹೆಡ್ ಮಾಸ್ತರರು ಹೊಸಬರು, ಸಿಪಾಯಿಗೆ ಹೇಳಿ ಕಪಾಟಿನಿಂದ ಆ ವರ್ಷದ ವಹಿ ತೆಗೆಸಿದರು. ಅಂಚು ಕಂದಿದ ಹಾಳೆ. ನನ್ನ ಒಂದನೇ ತರಗತಿಯ ಬಾಯಾರು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದರು: ‘ಕಳಕವ್ವ ಬಸಪ್ಪ ಬಡಿಗೇರ’. ಅಪ್ಪ ಅಂದು ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ಹೇಳಿದಂತೆಯೇ ಅವರು ಬರೆದುಕೊಂಡಿದ್ದಾರೆ. ಕೇಳಿದ್ದನ್ನು ಕೇಳಿದಂತೆ ಬರೆಯಲು ಅವರಿಗೆ ಕಂಪ್ಯೂಟರ್ ಬೇಕಾಗಿರಲಿಲ್ಲ. ಹೆಸರಿನ ಮೇಲೆ ಬೆರಳಿಟ್ಟಾಗ ಕಣ್ಣು ತುಂಬಿ ಬಂತು. ಮಾಸ್ತರರು ನೋಡಿಯೂ ನೋಡದಂತೆ ಉತಾರ ಬರೆಯುವುದರಲ್ಲಿ ತೊಡಗಿದರು. ಸಹಿ, ಸೀಲು ಹಾಕಿ ಎರಡು ಪ್ರತಿ ಕೊಟ್ಟರು.

ಅದೇ ಊರಿನ ಭೇಟಿಯಲ್ಲಿ ಅವ್ವನ ಜೊತೆ ಗ್ರಾಮ ಒನ್ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಸಾಲಾಗಿ ಕೂತ ಹೆಂಗಸರನ್ನು ನೋಡಿದಾಗ ಇದು ನನ್ನೊಬ್ಬಳ ಪಾಡಲ್ಲ ಅಂತ ತಿಳಿಯಿತು. ದ್ಯಾಮವ್ವ, ಫಕೀರವ್ವ, ಹುಲಿಗೆವ್ವ, ದುರಗವ್ವ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬಾರದೆ ಬಂದವರು. ರೇಷನ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು. ‘ಅವ್ವ’ ಅನ್ನುವುದಕ್ಕೆ ಒಬ್ಬರು ಎರಡು ‘ವಿ’ ಹಾಕುತ್ತಾರೆ, ಒಬ್ಬರು ಎರಡು ‘ಡಬ್ಲ್ಯೂ’, ಒಬ್ಬರು ಒಂದೊಂದು. ಓದಲು ಬಾರದ ಆ ಹೆಂಗಸರಿಗೆ ತಮ್ಮ ಹೆಸರು ಎಲ್ಲಿ ತಪ್ಪಾಗಿದೆ ಅಂತಲೂ ಗೊತ್ತಾಗುವುದಿಲ್ಲ. ‘ನಿನ್ನ ಹೆಸರು ತಪ್ಪೈತಿ’ ಅಂತ ಕೌಂಟರಿನಿಂದ ಹೇಳಿದರೆ, ತಪ್ಪು ತನ್ನದೇ ಅನ್ನುವಂತೆ ತಲೆ ತಗ್ಗಿಸಿ ಹೊರಗೆ ಬರುತ್ತಾರೆ. ಅವತ್ತು ಮಧ್ಯಾಹ್ನದವರೆಗೆ ಕೂತು ಕೆಲವರ ಕಾರ್ಡುಗಳನ್ನು ಓದಿ, ಯಾವುದರಲ್ಲಿ ಯಾವ ಅಕ್ಷರ ಬೇರೆ ಇದೆ ಅಂತ ಚೀಟಿ ಬರೆದುಕೊಟ್ಟೆ. ಓದು ಬಲ್ಲವರು ಊರಿಗೆ ಹೋದಾಗ ಇಷ್ಟು ಮಾಡಿ. ಕೌಂಟರಿನವರಿಗೂ ಕೆಲಸ ಬೇಗ ಆಗುತ್ತದೆ.

ತಿದ್ದಿದ ವೋಟರ್ ಐಡಿ ಅಂಚೆಯಲ್ಲಿ ಬಂದ ಮೇಲೆ ಮತ್ತೆ ಆಧಾರ್ ಕೇಂದ್ರ. ಅಷ್ಟರಲ್ಲಿ 2025ರ ಅಕ್ಟೋಬರಿನಿಂದ ಶುಲ್ಕ 75 ರೂಪಾಯಿ ಆಗಿತ್ತು. ಈ ಭಾಗವನ್ನು ಸ್ವಲ್ಪ ಗಮನಕೊಟ್ಟು ಓದಿ, ಏಕೆಂದರೆ ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಆಪರೇಟರ್ ಇಂಗ್ಲಿಷಿನಲ್ಲಿ ಹೆಸರು ಒತ್ತಿದ ಹಾಗೆ ಕನ್ನಡದ ಸಾಲು ತಾನಾಗಿ ಮೂಡುತ್ತದೆ. ಇಂಗ್ಲಿಷಿನ ‘ಎಲ್’ಗೆ ‘ಲ’ ಯಾವುದು, ‘ಳ’ ಯಾವುದು ಗೊತ್ತಿಲ್ಲ. ಹಾಗಾಗಿ ಮೂಡಿದ್ದು ‘ಕಲಕವ್ವ’. ನಾನು ಪರದೆಗೆ ಬೆರಳು ತೋರಿಸಿ, ‘ಅಣ್ಣಾ, ಅದು ಳ ಆಗಬೇಕು’ ಅಂದೆ.

‘ಅದು ಆಟೋಮ್ಯಾಟಿಕ್ ಮೇಡಂ, ನಮ್ಮ ಕೈಯಲ್ಲಿಲ್ಲ. ಇಂಗ್ಲಿಷ್ ಸರಿ ಇದೆಯಲ್ಲ, ಅದೇ ಮುಖ್ಯ.’

ಹಿಂದೆ ಉದ್ದ ಸಾಲು. ಒಬ್ಬರು ಮಗು ಎತ್ತಿಕೊಂಡು ನಿಂತಿದ್ದರು. ಹೀಗೆ ನಿಂತಾಗ ‘ಇರಲಿ ಬಿಡಿ’ ಅನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಬೇರೆಯವರ ಸಮಯ ತಿನ್ನುತ್ತಿದ್ದೇನೆ ಅನ್ನುವ ಸಂಕೋಚ. ಆದರೆ ಇಂಗ್ಲಿಷಿನಲ್ಲಿ ಎಷ್ಟೇ ಸರಿಯಾಗಿ ಬರೆದರೂ ‘ಳ’ ಕಾಣುವುದಿಲ್ಲ, ನನ್ನ ಹೆಸರನ್ನು ಹೇಗೆ ಕರೆಯಬೇಕು ಅಂತ ಹೇಳುವುದು ಆ ಕನ್ನಡದ ಸಾಲೊಂದೇ. ಅಷ್ಟನ್ನೇ ಅವರಿಗೆ ಹೇಳಿದೆ, ದನಿ ಏರಿಸದೆ. ವೋಟರ್ ಐಡಿಯ ಕನ್ನಡ ಸಾಲನ್ನೂ ತೋರಿಸಿದೆ. ಅವರು ಒಂದು ಕ್ಷಣ ನೋಡಿ, ಪಕ್ಕದ ಕೌಂಟರಿನವರನ್ನು ಏನೋ ಕೇಳಿ, ಕನ್ನಡದ ಚೌಕದ ಮೇಲೆ ಒತ್ತಿ ಪರದೆಯ ಮೇಲೇ ಕೀಲಿಮಣೆ ತೆರೆದರು. ‘ಲ’ ಅಳಿಸಿ ‘ಳ’ ಹಾಕಿದರು. ಮಗು ಎತ್ತಿಕೊಂಡಿದ್ದ ಹೆಂಗಸು ಹಿಂದಿನಿಂದ, ‘ನಮ್ಮದರಲ್ಲೂ ಹಂಗೇ ಮಾಡಿ, ಇವಳ ಹೆಸರು ವೀಣಾ, ಅದರಲ್ಲಿ ವೀನಾ ಅಂತಿದೆ’ ಅಂದರು. ನೀವು ಹೋದಾಗ ಆಪರೇಟರ್ ಕೊನೆಯ ಗುಂಡಿ ಒತ್ತುವ ಮೊದಲೇ ಕನ್ನಡದ ಸಾಲನ್ನು ಓದಿ ನೋಡಿ. ಸ್ವೀಕೃತಿ ಚೀಟಿಯಲ್ಲೂ ಎರಡೂ ಭಾಷೆಯ ಹೆಸರು ನೋಡಿಯೇ ಅಲ್ಲಿಂದ ಏಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಈ ಸಲ ತಿರಸ್ಕಾರವಾಗಲಿಲ್ಲ. ಹೊಸ ಆಧಾರ್ ಬಂದ ಮೇಲೆ ಉಳಿದದ್ದು ಬೇಗ ಬೇಗ ಆಯಿತು. ಪ್ಯಾನ್ ತಿದ್ದುಪಡಿ ಆನ್‌ಲೈನಿನಲ್ಲಿ, ಕಾರ್ಡ್ ಮನೆಗೆ ಬರಲು 107 ರೂಪಾಯಿ. ಅಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಲು ಆಗುವುದಿಲ್ಲ, ಒಂದೇ ಹೆಸರಿದ್ದರೆ ಅದನ್ನೇ ಅಡ್ಡಹೆಸರಿನ ಜಾಗಕ್ಕೆ ಹಾಕುತ್ತಾರೆ. ಪ್ಯಾನ್ ನಂಬರಿನ ಐದನೇ ಅಕ್ಷರ ಅಡ್ಡಹೆಸರಿನ ಮೊದಲ ಅಕ್ಷರ. ನನ್ನದರಲ್ಲಿ ‘ಬಿ’ ಬದಲು ‘ಕೆ’ ಇದ್ದದ್ದು ಇದೇ ಕಾರಣಕ್ಕೆ. ಹೆಸರು ತಿದ್ದಿದರೂ ನಂಬರ್ ಬದಲಾಗುವುದಿಲ್ಲ, ‘ಕೆ’ ಹಾಗೇ ಉಳಿಯುತ್ತದೆ, ಅದರಿಂದ ತೊಂದರೆಯೂ ಇಲ್ಲ. ಪ್ಯಾನ್ ಬಂದ ಮೇಲೆ ಬ್ಯಾಂಕಿನಲ್ಲಿ ಕೆವೈಸಿ ಅರ್ಜಿ ಕೊಟ್ಟೆ. ಪಿ.ಎಫ್. ಹೆಸರನ್ನು ನಾನೇ ಆನ್‌ಲೈನಿನಲ್ಲಿ ತಿದ್ದಿಕೊಂಡೆ. 2017ರ ಅಕ್ಟೋಬರ್ 1ರ ನಂತರ ಯುಎಎನ್ (ಪಿ.ಎಫ್. ಸದಸ್ಯರ ಕಾಯಂ ನಂಬರ್) ಸಿಕ್ಕು, ಅದು ಆಧಾರಿನೊಂದಿಗೆ ಜೋಡಣೆಯಾದವರಿಗೆ 2025ರಿಂದ ಕಂಪನಿಯ ಸಹಿ ಇಲ್ಲದೆಯೇ ಇದು ಸಾಧ್ಯ.

ಇಲ್ಲಿನ ನರ್ಸಿಂಗ್ ಕೌನ್ಸಿಲ್ ನೋಂದಣಿ ತಿದ್ದಿಸಲು ‘ಈ ಎಲ್ಲ ಹೆಸರಿನವಳು ಒಬ್ಬಳೇ’ ಅನ್ನುವ ಅಫಿಡವಿಟ್ ಮಾಡಿಸಿದೆ. 100 ರೂಪಾಯಿಯ ಇ-ಸ್ಟಾಂಪ್, ಮೇಲೆ ನೋಟರಿಯವರ ಶುಲ್ಕ. ಅದನ್ನು ಟೈಪ್ ಮಾಡುವಾಗ ತಪ್ಪು ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಬರೆದು, ಇವೆಲ್ಲ ನಾನೇ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಕೈ ಮುಂದೆ ಹೋಗಲಿಲ್ಲ. ಯಾರೋ ಅವಸರದಲ್ಲಿ ಒತ್ತಿದ ಅಕ್ಷರಗಳನ್ನು ನನ್ನವೇ ಅಂತ ನಾನು ಒಪ್ಪಿಕೊಳ್ಳಬೇಕು. ನೋಟರಿ ವಯಸ್ಸಾದವರು. ನನ್ನ ಮುಖ ನೋಡಿ, ‘ಕೊನೆಯ ಸಾಲು ಓದಮ್ಮ’ ಅಂದರು. ಕೊನೆಯ ಸಾಲಿನಲ್ಲಿ, ನನ್ನ ಸರಿಯಾದ ಹೆಸರು ಕಳಕವ್ವ ಬಡಿಗೇರ, ಇನ್ನು ಮುಂದೆ ಎಲ್ಲ ದಾಖಲೆಗಳಲ್ಲೂ ಹೀಗೇ ಇರಬೇಕು ಎಂದಿತ್ತು. ಅದನ್ನು ಗಟ್ಟಿಯಾಗಿ ಓದಿ ಸಹಿ ಹಾಕಿದೆ. ಅಫಿಡವಿಟ್ಟಿನಲ್ಲಿ ಈ ಸಾಲು ಇರುವಂತೆ ನೀವೂ ನೋಡಿಕೊಳ್ಳಿ. ಬರೀ ಹೆಸರುಗಳ ಪಟ್ಟಿ ಕೊಟ್ಟರೆ ಯಾವುದು ಸರಿ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಕೌನ್ಸಿಲ್ಲಿನ ಕೆಲಸ ಇನ್ನೂ ನಡೆಯುತ್ತಿದೆ.

ಪಾಸ್‌ಪೋರ್ಟ್ ಕೇಂದ್ರಕ್ಕೆ ಮತ್ತೆ ಹೋದಾಗ ಹೆಚ್ಚು ಹೊತ್ತು ಹಿಡಿಯಲಿಲ್ಲ. ‘ಎ’ ಕೌಂಟರಿನಲ್ಲಿ ಅವರು ಟೈಪ್ ಮಾಡಿದ್ದನ್ನು ನಿಮ್ಮ ಮುಂದಿನ ಪರದೆಯಲ್ಲಿ ತೋರಿಸುತ್ತಾರೆ, ಅಲ್ಲೇ ನಿಧಾನವಾಗಿ ಓದಿ. ಒಂದೇ ಹೆಸರಿನವರಿಗೆ ಒಂದು ಮಾತು: ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ, ಆದರೆ ಯುಎಇ ದೇಶ 2022ರ ನವೆಂಬರಿನಿಂದ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ನಿಲ್ಲಿಸಿತು. ಗಲ್ಫ್ ಕಡೆ ಹೋಗುವ ಯೋಚನೆ ಇದ್ದವರು ಅರ್ಜಿ ಹಾಕುವಾಗಲೇ ಮನೆತನದ ಹೆಸರನ್ನೋ ತಂದೆಯ ಹೆಸರನ್ನೋ ಆ ಜಾಗದಲ್ಲಿ ತುಂಬುವುದು ಒಳ್ಳೆಯದು, ಉಳಿದ ದಾಖಲೆಗಳೂ ಅದಕ್ಕೆ ಹೊಂದಬೇಕು.

ಕೆಲವು ದಿನಗಳ ಮೇಲೆ ಪೊಲೀಸ್ ಪರಿಶೀಲನೆಗೆ ಊರಿನ ಠಾಣೆಯಿಂದ ಫೋನ್ ಬಂತು. ನಾನು ಫೋನ್ ಎತ್ತಿ ಹಲೋ ಅನ್ನುವಷ್ಟರಲ್ಲಿ, ‘ಕಳಕವ್ವ ಬಡಿಗೇರ ಅವರು ಅದೀರೇನ್ರಿ?’ ಅಂತ ಆ ಕಡೆಯಿಂದ. ತಡವರಿಕೆ ಇಲ್ಲ, ಕ್ಷಮಿಸಿ ನಿಮ್ಮ ಹೆಸರು ಹೇಗೆ ಓದೋದು ಅನ್ನುವುದಿಲ್ಲ. ಅಪರಿಚಿತರ ಫೋನಿನಲ್ಲಿ ನನ್ನ ಹೆಸರನ್ನು ಹಾಗೆ ಕೇಳಿ ಎಷ್ಟು ವರ್ಷವಾಗಿತ್ತೋ. ‘ಹೌದ್ರಿ, ನಾನೇ’ ಅಂದೆ. ಆ ಎರಡು ಮಾತು ಹೇಳುವಾಗ ಎದೆ ಹಗುರಾದದ್ದು ಮಾತ್ರ ನಿಜ.

ಪಾಸ್‌ಪೋರ್ಟ್ ಕೈಗೆ ಬಂದಾಗ ಮೇಲಿನ ಹೆಸರಿನ ಜೊತೆ ಕೆಳಗೆ ಯಂತ್ರ ಓದುವ ಎರಡು ಸಾಲುಗಳನ್ನೂ ನೋಡಿ. ಮೊದಲ ಸಾಲಿನಲ್ಲಿ ಅಡ್ಡಹೆಸರು ಮೊದಲು, ಹೆಸರು ಆಮೇಲೆ ಇರುತ್ತದೆ, ವಿಮಾನದ ಟಿಕೆಟ್ ಬುಕ್ ಮಾಡುವಾಗ ಯಾವುದು ಅಡ್ಡಹೆಸರು, ಯಾವುದು ಹೆಸರು ಅನ್ನುವುದನ್ನು ಅಲ್ಲಿಂದಲೇ ನೋಡಿಕೊಳ್ಳಬಹುದು. ನಾನು ಆ ದಿನವೇ ಇಂಗ್ಲಿಷ್ ಪರೀಕ್ಷೆಗೆ ಹೆಸರು ನೋಂದಾಯಿಸಿದೆ.

ಆಸ್ಪತ್ರೆಯಲ್ಲೂ ಪಾಸ್‌ಪೋರ್ಟಿನ ಪ್ರತಿ ಕೊಟ್ಟು ಹೆಸರಿನ ಬಿಲ್ಲೆ ಬದಲಿಸಿ ಅಂತ ಪತ್ರ ಬರೆದೆ. ‘ಇಷ್ಟು ದಿನ ಕಲಾ ಅಂತಲೇ ಇತ್ತಲ್ಲ, ಈಗ ಯಾಕೆ?’ ಅಂದರು ಒಬ್ಬರು. 2014ರಲ್ಲಿ ಬೆಳಗಾವಿ, ಬಳ್ಳಾರಿ, ಕಲಬುರಗಿ ಸೇರಿ ಹನ್ನೆರಡು ಊರುಗಳ ಹೆಸರನ್ನು ಸರ್ಕಾರವೇ ಇಂಗ್ಲಿಷಿನಲ್ಲಿ ತಿದ್ದಿಸಿತು, ಎಲ್ಲರೂ ರೂಢಿ ಮಾಡಿಕೊಂಡರು, ಇದನ್ನೂ ರೂಢಿ ಮಾಡಿಕೊಳ್ಳಬಹುದು ಅಂದೆ. ಹೊಸ ಬಿಲ್ಲೆ ಬಂದಿದೆ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಉತ್ತರ ಭಾರತದ ಒಬ್ಬ ಕಿರಿಯ ಡಾಕ್ಟರ್ ಕನ್ನಡದ ಸಾಲು ಓದಲಾರದೆ ನನ್ನನ್ನೇ ಕೇಳಿದರು. ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳಬೇಕು ಅಂತ ತೋರಿಸಿಕೊಟ್ಟೆ. ಈಗಲೂ ಅರ್ಧ ‘ಲ’, ಅರ್ಧ ‘ಳ’ ಬರುತ್ತದೆ ಅವರಿಗೆ. ನನಗೆ ಬೇಸರವಿಲ್ಲ, ಅವರು ಪ್ರತಿ ಸಲವೂ ಪ್ರಯತ್ನಿಸುತ್ತಾರೆ.

ಹೆರಿಗೆ ವಾರ್ಡಿನಲ್ಲಿ ಇರುವುದರಿಂದ ಇನ್ನೊಂದು ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ದಾಖಲೆ. ಆ ಪತ್ರಕ್ಕೆ ವಿವರ ಹೋಗುವುದು ನಮ್ಮ ವಾರ್ಡಿನಲ್ಲಿ ತುಂಬುವ ಫಾರ್ಮಿನಿಂದ. ಮಗುವಿಗೆ ಆಗ ಹೆಸರಿಟ್ಟಿರುವುದಿಲ್ಲ, ಆದರೆ ತಾಯಿ, ತಂದೆಯ ಹೆಸರು ಅಲ್ಲೇ ಬರೆದಾಗುತ್ತದೆ, ಬಹಳ ಸಲ ಬಾಯಿಮಾತಿನಲ್ಲಿ ಕೇಳಿ. ಈಗ ನನ್ನ ಪಾಳಿಯಲ್ಲಿ ಫಾರ್ಮನ್ನು ಬಾಣಂತಿಯ ಕೈಗೇ ಕೊಟ್ಟು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದಿಸಿ, ಓದಲು ಬಾರದವರಾದರೆ ಅವರ ದಾಖಲೆಯ ಪಕ್ಕ ಇಟ್ಟು ನಾನೇ ಒಂದೊಂದಕ್ಷರ ಓದಿ ಹೇಳಿ, ಆಮೇಲೆ ಸಹಿ ಹಾಕಿಸುತ್ತೇನೆ. ನಿಮ್ಮ ಮನೆಯಲ್ಲಿ ಹೆರಿಗೆ ಇದ್ದರೆ ಆ ಫಾರ್ಮನ್ನು ಕೇಳಿ ಪಡೆದು ಓದಿ. ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಗ ಹೆಸರನ್ನು ಎರಡೂ ಭಾಷೆಯಲ್ಲಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡೇ ಹೋಗಿ.